ಬಾರ್ ಮಿಟ್ಸ್ವಾಗೆ ಕೈಯಾರೆ ಮಾಡಿದ ಕಾರ್ಡು: ಓದುಗರ ಪ್ರಶ್ನೆ, ನಮ್ಮ ಉತ್ತರ

ಯಹೂದಿ ಮನೆಯ ಹುಡುಗನಿಗೆ 13 ತುಂಬಿದಾಗ ಬಾರ್ ಮಿಟ್ಸ್ವಾ. ಹುಡುಗಿಗೆ ಬಾತ್ ಮಿಟ್ಸ್ವಾ, ಅವರವರ ಪಂಥದಂತೆ 12ಕ್ಕೋ 13ಕ್ಕೋ. ಅಲ್ಲಿಂದ ಮುಂದೆ ಧರ್ಮದ ಕಟ್ಟುಪಾಡುಗಳಿಗೆ ಮಗುವೇ ಹೊಣೆ. ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾ ಮಂದಿರ) ಎಲ್ಲರೆದುರು ಅವರ ಧರ್ಮಗ್ರಂಥ ತೋರಾದ ಸುರುಳಿಯ ಓದಿಗೆ ಮಗುವನ್ನು ಹೆಸರು ಹಿಡಿದು ಕರೆಯುತ್ತಾರೆ. ಅಮೆರಿಕ, ಬ್ರಿಟನ್, ಇಸ್ರೇಲ್‌ಗಳಲ್ಲಿರುವ ಕನ್ನಡಿಗರಿಗೆ ನೆರೆಮನೆಯಿಂದಲೋ ಆಫೀಸಿನಿಂದಲೋ ಇಂಥ ಕರೆ ಬರುವುದು ಈಗ ಸಾಮಾನ್ಯ. ಕಾರ್ಡನ್ನು ಅಂಗಡಿಯಿಂದ ತರದೆ ತಾವೇ ಮಾಡಿಕೊಡಬೇಕೆಂದಿರುವವರ ಪ್ರಶ್ನೆಗಳಿಗೆ ಈ ಸಲದ ಅಂಕಣ.

ಪ್ರಶ್ನೆ: ಸಹೋದ್ಯೋಗಿಯ ಮಗನ ಬಾರ್ ಮಿಟ್ಸ್ವಾ ಅಕ್ಟೋಬರ್ ಕೊನೆಗೆ ಇದೆ. ಕಾರ್ಡಿನ ಮೇಲೆ ಯಹೂದಿಗಳ ಗುರುತಾದ ಆರು ಮೂಲೆಯ ನಕ್ಷತ್ರ ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ. ಆ ಹುಡುಗನದೇ ಕಾರ್ಡು ಅನ್ನಿಸಬೇಕಾದರೆ ಏನು ಹಾಕಬೇಕು? (ಎಡಿಸನ್, ನ್ಯೂಜೆರ್ಸಿ)

ಅವನು ಓದುವ ಭಾಗವನ್ನು ಹಾಕಿ. ತೋರಾವನ್ನು 54 ಭಾಗ ಮಾಡಿ, ವಾರಕ್ಕೊಂದರಂತೆ (ಕೆಲವು ವಾರ ಎರಡೆರಡು ಸೇರಿಸಿ) ವರ್ಷದೊಳಗೆ ಓದಿ ಮುಗಿಸುತ್ತಾರೆ. ವಾರದ ಭಾಗಕ್ಕೆ ಪರಾಶಾ ಎನ್ನುತ್ತಾರೆ. ಮಗು ತಿಂಗಳುಗಟ್ಟಲೆ ರಾಗ ಸಮೇತ ಅಭ್ಯಾಸ ಮಾಡುವುದು ತನ್ನ ವಾರದ ಓದನ್ನೇ, ಸಭೆಯಲ್ಲಿ ನಾಲ್ಕು ಮಾತಾಡುವುದೂ ಅದರ ಬಗ್ಗೆಯೇ. ಅದರ ಚಿತ್ರ ಕಾರ್ಡಿನ ಮೇಲಿದ್ದರೆ, ಹುಡುಗನ ಹೆಸರು ಕೂಡ ಬೇಕಿಲ್ಲ, ಇದು ನನಗೇ ಮಾಡಿದ್ದು ಎಂದು ಅವನಿಗೆ ಗೊತ್ತಾಗುತ್ತದೆ.

ಆಹ್ವಾನ ಪತ್ರದಲ್ಲಿ ಪರಾಶಾ ಹೆಸರು ಅಚ್ಚಾಗಿದ್ದರೆ ಆಯಿತು. ಇಲ್ಲದಿದ್ದರೆ ತಾರೀಖು ಹಿಡಿದು ಯಹೂದಿ ಪಂಚಾಂಗದಲ್ಲಿ ನೋಡಿ. ಪಾಸ್‌ಓವರ್ ಹಬ್ಬದ ನಂತರ ಕೆಲವು ವರ್ಷ ಇಸ್ರೇಲಿನ ಓದು ಹೊರದೇಶಗಳ ಓದಿಗಿಂತ ಒಂದು ವಾರ ಮುಂದಿರುತ್ತದೆ. ಹಾಗಾಗಿ ಸಮಾರಂಭ ಎಲ್ಲಿ ನಡೆಯುತ್ತದೋ ಅಲ್ಲಿಯ ಪಟ್ಟಿಯನ್ನೇ ನೋಡಬೇಕು. ಹಾಗೆ ನೋಡಿದ ಮೇಲೂ ತಂದೆತಾಯಿಯನ್ನು ಒಮ್ಮೆ ಕೇಳಿಬಿಡಿ.

ಅಕ್ಟೋಬರ್ ಕೊನೆಯೆಂದರೆ ಹೆಚ್ಚಾಗಿ ಬರುವುದು 'ನೋಆಖ್', ಅಂದರೆ ಪ್ರಳಯದಲ್ಲಿ ತೇಲಿದ ನೋಹನ ನಾವೆ, ಆಲಿವ್ ಎಲೆ ತಂದ ಪಾರಿವಾಳ, ಕಾಮನಬಿಲ್ಲು. ಅದರ ಮುಂದಿನ ವಾರ 'ಲೆಖ್ ಲೆಖಾ', ಮನೆ ಬಿಟ್ಟು ಹೊರಟ ಅಬ್ರಹಾಮನ ಕಥೆ. ಅದಕ್ಕೆ ಮರಳುಗಾಡಿನ ಮೇಲೆ ನಕ್ಷತ್ರ ತುಂಬಿದ ಆಕಾಶ ಚೆನ್ನಾಗಿ ಒಪ್ಪುತ್ತದೆ. ಬೇರೆ ತಿಂಗಳಿನವರಿಗೂ ಒಂದೆರಡು ಹೇಳಿಬಿಡುತ್ತೇವೆ: ನವೆಂಬರ್-ಡಿಸೆಂಬರಿನ 'ವಯೇತ್ಸೆ'ಗೆ ಯಾಕೋಬ ಕನಸಿನಲ್ಲಿ ಕಂಡ ಏಣಿ, ಜನವರಿ-ಫೆಬ್ರವರಿಯ 'ಬೆಶಲಾಖ್'ಗೆ ಇಬ್ಭಾಗವಾದ ಸಮುದ್ರ, ಜೂನ್ ಸುಮಾರಿನ 'ಶೆಲಾಖ್'ಗೆ ಇಬ್ಬರು ಕೋಲಿನ ಮೇಲೆ ಹೊತ್ತು ತಂದ ದ್ರಾಕ್ಷಿ ಗೊಂಚಲು.

ಕಾಮನಬಿಲ್ಲನ್ನು ಕಾಗದದಲ್ಲಿ ಮಾಡುವಾಗ ತೆಳು ಕಮಾನುಗಳನ್ನು ಕತ್ತರಿಸಲು ಹೋಗಬೇಡಿ. 4 ಮಿಲಿಮೀಟರ್ ಅಗಲದ ಕಮಾನು ಕತ್ತರಿಗೆ ಸಿಕ್ಕಿ ಹರಿಯುತ್ತದೆ, ಅಂಟಿಸುವಾಗ ಸೊಟ್ಟಗಾಗುತ್ತದೆ. ಕೈವಾರದಿಂದ ಪೂರ್ತಿ ಅರ್ಧವೃತ್ತಗಳನ್ನೇ ಬರೆಯಿರಿ. ಕೆಂಪಿಗೆ ತ್ರಿಜ್ಯ 45 ಮಿ.ಮೀ., ಮುಂದಿನ ಬಣ್ಣಗಳಿಗೆ ಕ್ರಮವಾಗಿ 41, 37, 33, 29, 25, 21. ಕೊನೆಗೆ ಕಾರ್ಡಿನದೇ ಬಣ್ಣದ ಒಂದು 17 ಮಿ.ಮೀ. ಅರ್ಧವೃತ್ತ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ, ನೆಟ್ಟಗಿನ ಅಂಚುಗಳೆಲ್ಲ ಒಂದೇ ಗೆರೆಗೆ ಬರುವಂತೆ ಒಂದರ ಮೇಲೊಂದು ಅಂಟಿಸಿದರೆ ಏಳೂ ಪಟ್ಟೆಗಳು ಸಮನಾಗಿ ಕಾಣುತ್ತವೆ. ಇದಕ್ಕೆ 120 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಬಣ್ಣದ ಕಾಗದ ಸಾಕು. ದಪ್ಪ ಕಾರ್ಡ್ ಕಾಗದದಲ್ಲಿ ಮಾಡಿದರೆ ಎಂಟು ಪದರ ಸೇರಿ ಎರಡು ಮಿಲಿಮೀಟರ್ ದಾಟುತ್ತದೆ, ಕಾರ್ಡು ಮುಚ್ಚುವುದಿಲ್ಲ. ಪಾರಿವಾಳವನ್ನು ಮಾತ್ರ ದಪ್ಪ ಬಿಳಿ ಕಾಗದದಲ್ಲಿ ಕತ್ತರಿಸಿ, ಫೋಮ್ ಟೇಪಿನ ಮೇಲೆ ಎತ್ತಿ ನಿಲ್ಲಿಸಿ. ಕೊಕ್ಕಿನಲ್ಲಿ ಹಸಿರು ಎಲೆ ಮರೆಯಬೇಡಿ, ಕಥೆಯಿರುವುದೇ ಆ ಎಲೆಯಲ್ಲಿ.

ಪ್ರಶ್ನೆ: ಕಡುನೀಲಿ ದಪ್ಪ ಕಾಗದ ತಂದು ಮಡಿಸಿದರೆ ಮಡಿಕೆಯ ಉದ್ದಕ್ಕೂ ಬಿಳಿ ಬಿರುಕು ಬಿಡುತ್ತಿದೆ. ಕಾಗದ ಕಳಪೆಯೇ? ಇನ್ನೊಂದು, ಹೀಬ್ರೂ ಕಾರ್ಡು ಬಲಗಡೆಯಿಂದ ತೆರೆಯಬೇಕು ಎನ್ನುತ್ತಾರೆ, ಹೌದೇ? (ಸನಿವೇಲ್, ಕ್ಯಾಲಿಫೋರ್ನಿಯಾ)

ಕಾಗದ ಕಳಪೆಯೇ ಇರಬೇಕೆಂದಿಲ್ಲ, ಮಡಿಸಿದ ದಿಕ್ಕು ತಪ್ಪಿರಬಹುದು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆಗೆ ಮಲಗಿರುತ್ತವೆ. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಮಡಿಕೆ ಆ ಕಡೆಗೇ ಬರಬೇಕು. ಎದುರು ದಿಕ್ಕಿಗೆ ಮಡಿಸಿದರೆ ನಾರು ಮುರಿದು ಒಳಗಿನ ಬಿಳಿ ಹೊರಗೆ ಕಾಣುತ್ತದೆ. ಮೇಲ್ಮೈಗೆ ಮಾತ್ರ ಬಣ್ಣ ಬಳಿದ ಕಾಗದವಾದರೆ ಸರಿಯಾಗಿ ಮಡಿಸಿದರೂ ಸ್ವಲ್ಪ ಬಿಳಿ ಕಾಣುತ್ತದೆ. ಒಂದು ಮೂಲೆ ಹರಿದು ನೋಡಿ ಒಳಗೂ ನೀಲಿಯೇ ಇರುವ ಕಾಗದವನ್ನು ಆರಿಸಿ.

ಮಡಿಸುವ ಮೊದಲು ಗೀರೆಳೆಯಲೇಬೇಕು. ಸ್ಕೇಲು ಒತ್ತಿ ಹಿಡಿದು, ಇಂಕು ಮುಗಿದ ಬಾಲ್ ಪೆನ್ನಿನಿಂದ ಎರಡು ಸಲ ಗಟ್ಟಿಯಾಗಿ ಎಳೆಯಿರಿ. ಗೀರು ಬೀಳಬೇಕಾದ್ದು ಕಾರ್ಡಿನ ಹೊರಮೈ ಮೇಲೆ. ಮಡಿಸುವಾಗ ಗೀರಿನಿಂದ ಹಿಂದಕ್ಕೆ ಬಾಗಿಸಬೇಕು, ಹಿಂಬದಿಯಲ್ಲಿ ಉಬ್ಬಿದ ಏಣು ಮಡಿಕೆಯ ಒಳಗೆ ಸೇರಬೇಕು. ಬಹಳ ಜನ ಇದನ್ನು ತಿರುಗಮುರುಗ ಮಾಡಿ ಗೀರಿನ ಕಡೆಗೇ ಮಡಿಸುತ್ತಾರೆ, ಆಗ ಹೊರಮೈ ವಿಪರೀತ ಎಳೆದುಕೊಂಡು ಒಡೆಯುತ್ತದೆ.

ಅಳತೆಯ ವಿಷಯ: ನಿಮ್ಮಲ್ಲಿ ಸಿಗುವ ಲೆಟರ್ ಹಾಳೆ 8.5 × 11 ಇಂಚು. ಅದನ್ನು ಅರ್ಧಕ್ಕೆ ಕತ್ತರಿಸಿ ಮಡಿಸಿದರೆ 4.25 × 5.5 ಇಂಚಿನ ಕಾರ್ಡು, ಅದಕ್ಕೆ ಎ2 ಹೆಸರಿನ ಲಕೋಟೆ ಸರಿಹೋಗುತ್ತದೆ. ಭಾರತದಲ್ಲಿ ಎ4 ಹಾಳೆಯನ್ನು ಅರ್ಧ ಮಾಡಿ ಮಡಿಸಿದರೆ 105 × 148 ಮಿ.ಮೀ. ಎರಡಕ್ಕೂ 250ರಿಂದ 300 ಜಿಎಸ್‌ಎಂ ಕಾಗದ. ಚೌಕದ ಕಾರ್ಡು ಅಂದವೇನೋ ಹೌದು, ಆದರೆ ಅಮೆರಿಕದ ಅಂಚೆಯಲ್ಲಿ ಚೌಕ ಲಕೋಟೆಗೆ ಹೆಚ್ಚುವರಿ ಶುಲ್ಕ ತಗಲುತ್ತದೆ.

ತೆರೆಯುವ ದಿಕ್ಕಿನ ಬಗ್ಗೆ ನೀವು ಕೇಳಿದ್ದು ಸರಿ. ಹೀಬ್ರೂ ಬಲದಿಂದ ಎಡಕ್ಕೆ ಓದುವ ಭಾಷೆ, ಅವರ ಪುಸ್ತಕಗಳ ಬೆನ್ನು ಬಲಗಡೆ. ಒಳಗಿನ ಬರಹವೂ ಹೀಬ್ರೂ ಆದರೆ ಮಡಿಕೆ ಬಲಕ್ಕಿರಲಿ. ಮುಖದ ಮೇಲೆ ಹೀಬ್ರೂ, ಒಳಗೆ ಇಂಗ್ಲಿಷೋ ಕನ್ನಡವೋ ಇದ್ದರೆ ಮಡಿಕೆಯನ್ನು ಮೇಲ್ಗಡೆ ಇಟ್ಟುಕೊಳ್ಳುವುದೇ ಚೆಂದ ಎಂಬುದು ನಮ್ಮ ಅಭಿಪ್ರಾಯ. ಕಾರ್ಡು ಕೆಳಗಿನಿಂದ ಮೇಲಕ್ಕೆ ತೆರೆಯುತ್ತದೆ, ಯಾವ ಲಿಪಿಗೂ ಅಡ್ಡಿಯಿಲ್ಲ, ಮೇಜಿನ ಮೇಲೆ ನಿಲ್ಲುತ್ತದೆ ಕೂಡ.

ಪ್ರಶ್ನೆ: ಹೀಬ್ರೂ ಬಾರದು. ಆದರೂ 'ಮಝಲ್ ತೋವ್' ಎಂಬ ಶುಭಾಶಯವನ್ನು ಕೈಯಲ್ಲೇ ಬರೆಯುವ ಆಸೆ. ತಪ್ಪಿಲ್ಲದಂತೆ ಬರೆಯಲು ಸಾಧ್ಯವೇ? (ಬಸವನಗುಡಿ, ಬೆಂಗಳೂರು)

ಖಂಡಿತ ಸಾಧ್ಯ. ಇರುವುದೇ ಆರು ಅಕ್ಷರ. ಬಲಗಡೆಯಿಂದ: ಮೆಮ್, ಝಾಯಿನ್, ಲಾಮೆದ್, ಜಾಗ ಬಿಟ್ಟು ತೇತ್, ವಾವ್, ಬೇತ್. ನೋಡಿ ಬರೆಯಲು ದೊಡ್ಡ ಗಾತ್ರದ ಅಚ್ಚಿನ ಮಾದರಿ ಎದುರಿಗಿರಲಿ. ಕಡ್ಡಿಯಂತೆ ಸಣಕಲಾದ ಹೊಸ ವಿನ್ಯಾಸದ ಫಾಂಟು ಬೇಡ, ಪ್ರಾರ್ಥನಾ ಪುಸ್ತಕಗಳಲ್ಲಿರುವಂಥ ಚೌಕಾಕಾರದ ಅಕ್ಷರ ಆರಿಸಿ.

ಬರೆಯುವುದಕ್ಕೆ ತುದಿ ಚಪ್ಪಟೆಯಾದ 2.5 ಮಿ.ಮೀ. ಕ್ಯಾಲಿಗ್ರಫಿ ಪೆನ್ನು ಬೇಕು. ಇಂಗ್ಲಿಷಿನಲ್ಲಿ ಉದ್ದಗೆರೆ ದಪ್ಪ, ಅಡ್ಡಗೆರೆ ತೆಳು. ಹೀಬ್ರೂನಲ್ಲಿ ಅದಕ್ಕೆ ವಿರುದ್ಧ, ಅಡ್ಡಗೆರೆ ದಪ್ಪ, ಉದ್ದಗೆರೆ ತೆಳು. ಅದಕ್ಕಾಗಿ ನಿಬ್ಬಿನ ಚಪ್ಪಟೆ ಅಂಚು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುವಂತೆ ಪೆನ್ನು ತಿರುಗಿಸಿ ಹಿಡಿಯಿರಿ. ಅಕ್ಷರದ ಎತ್ತರ ನಿಬ್ಬಿನ ಅಗಲದ ನಾಲ್ಕರಷ್ಟು, ಅಂದರೆ 10 ಮಿ.ಮೀ. ಪೆನ್ಸಿಲಿನಿಂದ ಮೇಲೊಂದು ಕೆಳಗೊಂದು ಗೆರೆ ಎಳೆದು, ಅಕ್ಷರಗಳು ಮೇಲ್ಗೆರೆಯಿಂದ ತೂಗುಬಿದ್ದಂತೆ ಬರೆಯಿರಿ. ತೋರಾ ಬರೆಯುವ ಲಿಪಿಕಾರರೂ ಹೀಗೇ ಮೇಲ್ಗೆರೆಗೆ ತಗುಲಿಸಿ ಬರೆಯುತ್ತಾರೆ. ಲಾಮೆದ್ ಒಂದೇ ಮೇಲ್ಗೆರೆ ದಾಟಿ ತಲೆಯೆತ್ತುತ್ತದೆ, ಅದಕ್ಕೆ ಮೇಲೆ ಇನ್ನೂ 5 ಮಿ.ಮೀ. ಜಾಗ ಬಿಟ್ಟಿರಿ.

ಮಧ್ಯಕ್ಕೆ ಕೂರಿಸುವ ಲೆಕ್ಕ: ಮೆಮ್ 10, ಝಾಯಿನ್ 5, ಲಾಮೆದ್ 9, ಪದಗಳ ನಡುವೆ 8, ತೇತ್ 10, ವಾವ್ 4, ಬೇತ್ 10. ಅಕ್ಷರಗಳ ನಡುವೆ 2ರಂತೆ ನಾಲ್ಕು ಕಡೆ ಸೇರಿಸಿದರೆ ಒಟ್ಟು 64 ಮಿ.ಮೀ. ಕಾರ್ಡಿನ ಅಗಲ 105 ಆದರೆ ಬಲ ಅಂಚಿನಿಂದ 20.5 ಮಿ.ಮೀ. ಒಳಗೆ ಶುರುಮಾಡಿ. ಅಂದಾಜಿನ ಮೇಲೆ ಬರೆದವರಿಗೆ ಕೊನೆಯ ಬೇತ್‌ಗೆ ಜಾಗ ಸಾಲದೆ ಅದು ಸೊರಗಿಹೋಗುತ್ತದೆ.

ಹೆಚ್ಚಿನವರು ಎಡವುವುದು ಕೈಯಿಡುವ ಜಾಗದಲ್ಲಿ. ಎಡದಿಂದ ಬಲಕ್ಕೆ ಬರೆಯುವಾಗ ಬಲಗೈ ಖಾಲಿ ಜಾಗದ ಮೇಲೆ ಸರಿಯುತ್ತದೆ. ಬಲದಿಂದ ಎಡಕ್ಕೆ ಬರೆಯುವಾಗ ಅದೇ ಕೈ ಈಗಷ್ಟೇ ಬರೆದ ಹಸಿ ಅಕ್ಷರದ ಮೇಲೆ ಬಂದು ಕೂರುತ್ತದೆ. ಕನ್ನಡ ಬರೆದು ರೂಢಿಯಾದ ಕೈಗೆ ಇದು ತಿಳಿಯುವುದೇ ಇಲ್ಲ, ಮೆಮ್ ಉಜ್ಜಿಹೋದ ಮೇಲೇ ಗೊತ್ತಾಗುವುದು. ಒಂದು ಸ್ಕೇಲನ್ನು ಎರಡೂ ಬದಿ ರಬ್ಬರುಗಳ ಮೇಲಿಟ್ಟು ಸೇತುವೆ ಮಾಡಿ, ಮಣಿಕಟ್ಟನ್ನು ಅದರ ಮೇಲಿಡಿ. ಕಡುನೀಲಿ ಕಾಗದದ ಮೇಲೆ ಬಿಳಿ ಅಥವಾ ಬೆಳ್ಳಿ ಜೆಲ್ ಪೆನ್ನಿನಲ್ಲಿ ಅಕ್ಷರ ತುಂಬುವವರಿಗಂತೂ ಇದು ಬೇಕೇಬೇಕು. ಆ ಇಂಕು ನಿಧಾನವಾಗಿ ಒಣಗುತ್ತದೆ, ಅರ್ಧ ಗಂಟೆ ಬಿಟ್ಟು ಪೆನ್ಸಿಲ್ ಗೆರೆ ಅಳಿಸಿ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಹೀಬ್ರೂ ಸಾಲು ನಕಲು ಮಾಡಿ ವಿನ್ಯಾಸದ ತಂತ್ರಾಂಶಕ್ಕೆ ಹಾಕಿದೆ. ಸರಿ ಬಂದಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. (ಕ್ರಾಯ್ಡನ್, ಲಂಡನ್)

ಬಲದಿಂದ ಎಡಕ್ಕೆ ಬರೆಯುವ ಲಿಪಿಗಳನ್ನು ಅರಿಯದ ತಂತ್ರಾಂಶಗಳು ಅಕ್ಷರಗಳನ್ನು ಎಡದಿಂದ ಜೋಡಿಸಿಬಿಡುತ್ತವೆ. ಪ್ರತಿ ಅಕ್ಷರ ಸರಿಯಾಗಿಯೇ ಕಾಣುತ್ತದೆ, ಸಾಲು ಮಾತ್ರ ಹಿಂದುಮುಂದು. ಹೀಬ್ರೂ ಬಾರದವರೂ ಇದನ್ನು ಪತ್ತೆಹಚ್ಚಬಹುದು. 'ಮಝಲ್ ತೋವ್'ನಲ್ಲಿ ಎತ್ತರದ ಅಕ್ಷರ ಲಾಮೆದ್ ಒಂದೇ. ಅದು ಬಲಗಡೆಯ ಪದದಲ್ಲಿ, ನಡುವಿನ ಖಾಲಿ ಜಾಗಕ್ಕೆ ತಾಗಿಕೊಂಡು ನಿಂತಿರಬೇಕು. ಎಡಗಡೆಯ ಪದದಲ್ಲಿ ಕಂಡರೆ ಸಾಲು ಉಲ್ಟಾ ಆಗಿದೆ. ತಂತ್ರಾಂಶ ಹಟ ಮಾಡಿದರೆ ಸಾಲನ್ನು ಬೇರೆಡೆ ಸರಿಯಾಗಿ ಟೈಪು ಮಾಡಿ, ಚಿತ್ರವಾಗಿ ಉಳಿಸಿ, ಆ ಚಿತ್ರವನ್ನೇ ತಂದು ಕೂರಿಸಿ.

ಯಂತ್ರದಲ್ಲೋ ಬ್ಲೇಡಿನಲ್ಲೋ ಅಕ್ಷರ ಕೊರೆಯುವವರು ಇನ್ನೊಂದು ಗಮನಿಸಬೇಕು. ಪದದ ಕೊನೆಗೆ ಬರುವ ಮೆಮ್ ಮತ್ತು ಸಾಮೆಖ್ ಅಕ್ಷರಗಳು ಪೂರ್ತಿ ಮುಚ್ಚಿದ ಆಕಾರದವು. ಕೊರೆದರೆ ಒಳಗಿನ ತುಂಡು ಉದುರಿಹೋಗುತ್ತದೆ. 1.5 ಮಿ.ಮೀ. ಅಗಲದ ಒಂದು ಸಣ್ಣ ಕೊಂಡಿ ಉಳಿಸಿಕೊಳ್ಳಿ, ಅಥವಾ ಉದುರಿದ ತುಂಡನ್ನು ಹಿಂದಿನ ಹಾಳೆಗೆ ಬೇರೆಯಾಗಿ ಅಂಟಿಸಿ.

ಪ್ರಶ್ನೆ: ಮಗುವಿನ ಹೆಸರನ್ನು ಹೀಬ್ರೂನಲ್ಲಿ ಬರೆಯಲು ಇಂಗ್ಲಿಷ್ ಹೆಸರನ್ನು ಲಿಪ್ಯಂತರ ಮಾಡಿದರೆ ಸಾಲದೇ? (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಸಾಲದು. ಅಮೆರಿಕದ ಎಷ್ಟೋ ಯಹೂದಿ ಮಕ್ಕಳಿಗೆ ಶಾಲೆಯ ಹೆಸರೊಂದು, ಹೀಬ್ರೂ ಹೆಸರು ಬೇರೊಂದು. ಶಾಲೆಯಲ್ಲಿ ಮ್ಯಾಕ್ಸ್ ಆದವನು ಸಿನಗಾಗ್‌ನಲ್ಲಿ ಮೊರ್ದೆಖಾಯ್ ಇರಬಹುದು. ತೋರಾ ಓದಿಗೆ ಕರೆಯುವುದು ಆ ಹೀಬ್ರೂ ಹೆಸರಿನಿಂದ, ಜೊತೆಗೆ 'ಇಂಥವರ ಮಗ' ಎನ್ನಲು 'ಬೆನ್', 'ಇಂಥವರ ಮಗಳು' ಎನ್ನಲು 'ಬಾತ್' ಸೇರಿಸಿ. ಹೆತ್ತವರನ್ನು ಕೇಳಿ, ಅವರ ಕೈಯಲ್ಲೇ ಬರೆಸಿಕೊಂಡು ಫೋಟೋ ತರಿಸಿ. ಇದರಲ್ಲಿ ಸಂಕೋಚ ಬೇಡ, ಕೇಳಿದ್ದಕ್ಕೆ ಸಂತೋಷಪಡುತ್ತಾರೆ.

ಊಹೆ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಒಂದು ಜೋಡಿ ನೋಡಿ. ಹುಡುಗನ ಹೆಸರು ನೋಆಖ್ (ಇಂಗ್ಲಿಷಿನ ನೋವಾ) ಎರಡೇ ಅಕ್ಷರ: ನೂನ್, ಖೇತ್. ಹುಡುಗಿಯರಿಗೆ ಇಡುವ ನೋಆ ಮೂರು ಅಕ್ಷರ: ನೂನ್, ಆಯಿನ್, ಹೇ. ಕಿವಿಗೆ ಹತ್ತಿರ, ಹೆಸರು ಬೇರೆಯೇ. ಇನ್ನು ಮಿರ್ಯಾಮ್ ಎಂಬ ಹೆಸರಿನಲ್ಲಿ ಮೊದಲಕ್ಷರವೂ ಕೊನೆಯಕ್ಷರವೂ ಮೆಮ್. ಮೊದಲನೆಯದರ ಬುಡ ಸ್ವಲ್ಪ ತೆರೆದಿರುತ್ತದೆ, ಕೊನೆಯದು ನಾಲ್ಕೂ ಕಡೆ ಮುಚ್ಚಿದ ಚೌಕ. ಹೀಗೆ ಪದದ ಕೊನೆಯಲ್ಲಿ ರೂಪ ಬದಲಿಸುವವು ಐದು: ಕಾಫ್, ಮೆಮ್, ನೂನ್, ಪೇ, ತ್ಸಾದಿ. ದಾಲೆತ್‌ಗೂ ರೇಶ್‌ಗೂ ಇರುವ ವ್ಯತ್ಯಾಸ ಮೇಲಿನ ಬಲಮೂಲೆಯದು ಮಾತ್ರ. ದಾಲೆತ್‌ನ ಮೂಲೆ ಚೂಪು, ರೇಶ್‌ನದು ದುಂಡು. ಹೇ ಅಕ್ಷರದ ಎಡಗಾಲು ಮೇಲಿನ ಗೆರೆಗೆ ತಾಗದು, ಖೇತ್‌ನದು ತಾಗುತ್ತದೆ. ಇಂಕು ತುಸು ಹರಡಿದರೂ ಒಂದು ಇನ್ನೊಂದಾಗಿ ಹೆಸರು ಕೆಡುತ್ತದೆ. ಆದ್ದರಿಂದ ಹೆಸರಿಗೆ ಇಂಕು ಹೀರುವ ಒರಟು ಕಾಗದ ಬೇಡ, ನಯವಾದ ಕಾಗದದ ಚೀಟಿಯ ಮೇಲೆ ಬರೆದು, ಹೆತ್ತವರಿಗೆ ತೋರಿಸಿ, ಆಮೇಲೆ ಕಾರ್ಡಿಗೆ ಅಂಟಿಸಿ. ತಪ್ಪಾದರೆ ಚೀಟಿ ಹೋದೀತು, ಕಾರ್ಡು ಉಳಿಯುತ್ತದೆ.

ಪ್ರಶ್ನೆ: ಕಾರ್ಡಿನ ಒಳಗೆ ಪುಟ್ಟ ತೋರಾ ಸುರುಳಿ ಮಾಡಿ ಅಂಟಿಸಬೇಕೆಂದಿದ್ದೇನೆ. ಸುತ್ತಿದ್ದು ಬಿಚ್ಚಿಕೊಳ್ಳುತ್ತದೆ, ಫೆವಿಕಾಲ್ ಹಾಕಿದರೆ ಕಾರ್ಡು ಸೊಟ್ಟಗಾಗುತ್ತದೆ. (ಮಂಗಳೂರು)

ಕೆನೆಬಣ್ಣದ 100 ಜಿಎಸ್‌ಎಂ ಕಾಗದದಿಂದ 50 ಮಿ.ಮೀ. ಎತ್ತರ, 120 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ. ಎರಡು ಟೂತ್‌ಪಿಕ್ ತೆಗೆದುಕೊಳ್ಳಿ. ಸಾಮಾನ್ಯವಾಗಿ 65 ಮಿ.ಮೀ. ಇರುತ್ತವೆ, ಮೇಲೆ ಕೆಳಗೆ 7 ಮಿಲಿಮೀಟರಿನಷ್ಟು ಹೊರಗೆ ಚಾಚಿ ಹಿಡಿಕೆಯಾಗುತ್ತವೆ. ಚೂಪು ತುದಿ ಮೊದಲು ಕತ್ತರಿಸಿ ಉಜ್ಜಿಬಿಡಿ, ಇಲ್ಲದಿದ್ದರೆ ಲಕೋಟೆ ಹರಿಯುತ್ತದೆ. ಪಟ್ಟಿಯ ಒಂದು ಅಂಚಿಗೆ ಗ್ಲೂ ಸ್ಟಿಕ್ ಸವರಿ ಕಡ್ಡಿ ಇಟ್ಟು ಒಂದೇ ಸುತ್ತು ಸುತ್ತಿ, ಹತ್ತು ನಿಮಿಷ ಒಣಗಲು ಬಿಡಿ. ಬಿಚ್ಚಿಕೊಳ್ಳುವುದು ಈ ಹತ್ತು ನಿಮಿಷ ಕಾಯದೆ ಮುಂದುವರಿದಾಗಲೇ. ಆಮೇಲೆ ಒಳಮುಖವಾಗಿ ಇನ್ನು ಮೂರು ಸುತ್ತು, ಕೊನೆಯ ಸುತ್ತಿನಡಿ ತೆಳು ಡಬಲ್ ಸೈಡ್ ಟೇಪು. ಇನ್ನೊಂದು ಬದಿಯೂ ಹಾಗೇ. ನಡುವೆ 60 ಮಿಲಿಮೀಟರಿನಷ್ಟು ಬಿಚ್ಚಿದ ಜಾಗ ಉಳಿಯುತ್ತದೆ. ಅಲ್ಲಿ ಮಗುವಿನ ಹೆಸರು, ಪರಾಶಾ ಹೆಸರು, ತಾರೀಖು ಬರೆಯಿರಿ. ಬರೆಯುವುದು ಸುತ್ತುವ ಮೊದಲೇ.

ಫೆವಿಕಾಲ್‌ನಲ್ಲಿ ನೀರಿದೆ. ನೀರು ಕುಡಿದ ಬದಿ ಹಿಗ್ಗಿ ಒಣಗುವಾಗ ಕುಗ್ಗುತ್ತದೆ, ಕಾರ್ಡು ಬಾಗುತ್ತದೆ. ನಿಮ್ಮ ಊರಿನ ಮಳೆಗಾಲದಲ್ಲಂತೂ ಒಣಗುವುದೂ ತಡ. ಸಮತಟ್ಟಾದ ಭಾಗಗಳಿಗೆಲ್ಲ ಟೇಪು ಬಳಸಿ. ಫೆವಿಕಾಲ್ ಬೇಕಾಗುವುದು ಕಡ್ಡಿಯ ತುದಿಗೆ ಮಣಿ ಕೂರಿಸುವಾಗ, ಸೂಜಿಮೊನೆಯಷ್ಟು. ಈಗಾಗಲೇ ಬಾಗಿದ ಕಾರ್ಡನ್ನು ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಿ, ಬಹುಪಾಲು ನೆಟ್ಟಗಾಗುತ್ತದೆ.

ಸುರುಳಿಯ ದಪ್ಪ 3 ಮಿ.ಮೀ., ಕಾರ್ಡು ಸೇರಿ ಸುಮಾರು 4. ಅಮೆರಿಕದೊಳಗೆ ಅಂಚೆಗೆ ಹಾಕುವವರಿಗೆ ಪತ್ರದ ಮಿತಿ ಕಾಲು ಇಂಚು, ಅಂದರೆ 6 ಮಿಲಿಮೀಟರಿಗೆ ಸ್ವಲ್ಪ ಮೇಲೆ. ಮಿತಿಯೊಳಗಿದ್ದರೂ ಉಬ್ಬುತಗ್ಗಾದ ಲಕೋಟೆ ಯಂತ್ರಕ್ಕೆ ಹೋಗದು, ಹೆಚ್ಚುವರಿ ಅಂಚೆಚೀಟಿ ಹಚ್ಚಬೇಕು. ಕೈಗೇ ಕೊಡುವ ಕಾರ್ಡಿಗೆ ಈ ಚಿಂತೆಯಿಲ್ಲ.

ಪ್ರಶ್ನೆ: ಬೈಬಲ್ಲಿನ ಒಂದು ಒಳ್ಳೆಯ ವಾಕ್ಯವನ್ನು ಹೀಬ್ರೂನಲ್ಲೇ ಬರೆದರೆ ಹೇಗೆ? (ಮೈಸೂರು)

ದೇವರ ಹೆಸರಿರುವ ವಾಕ್ಯ ಬೇಡ. ದೇವರ ಪವಿತ್ರ ನಾಮವಿರುವ ಕಾಗದವನ್ನು ಸಂಪ್ರದಾಯಸ್ಥ ಯಹೂದಿಗಳು ಕಸಕ್ಕೆ ಎಸೆಯುವುದಿಲ್ಲ. ಅಂಥವನ್ನು ಗೆನೀಝಾ ಎಂದು ಕೂಡಿಟ್ಟು ಆಮೇಲೆ ಹೂಳುತ್ತಾರೆ. ನಿಮ್ಮ ಕಾರ್ಡು ಆ ಮನೆಯವರಿಗೆ ಹೊರೆಯಾಗಬಾರದು. 'ಖಝಾಕ್ ವೆ ಎಮಾತ್ಸ್' (ಗಟ್ಟಿಯಾಗಿರು, ಧೈರ್ಯವಾಗಿರು) ಎಂಬುದು ಮೋಶೆ ತನ್ನ ಉತ್ತರಾಧಿಕಾರಿ ಯೆಹೋಶುವನಿಗೆ ಹೇಳಿದ ಮಾತು. ಅದರಲ್ಲಿ ದೇವನಾಮವಿಲ್ಲ, 13ರ ವಯಸ್ಸಿಗೆ ತಕ್ಕದ್ದು. ತೋರಾ ಓದಿ ಮುಗಿಸಿದವರಿಗೆ ಸುತ್ತಲಿನವರು ಹೇಳುವ 'ಯಶರ್ ಕೋಆಖ್' (ನಿನ್ನ ಬಲ ಗಟ್ಟಿಯಾಗಿರಲಿ, ಅಂದರೆ ಭೇಷ್) ಕೂಡ ಒಳಪುಟಕ್ಕೆ ಚೆನ್ನ. ಉಳಿದದ್ದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ: "ತಿಂಗಳುಗಟ್ಟಲೆ ಕಲಿತದ್ದನ್ನು ಇಂದು ಎಲ್ಲರೆದುರು ಓದಿದೆ. ನಿನ್ನ ದನಿ ಹೀಗೇ ಗಟ್ಟಿಯಾಗಿರಲಿ." ಕನ್ನಡದಲ್ಲಿ ಎರಡು ಸಾಲು, ಕೆಳಗೆ ಇಂಗ್ಲಿಷಿನಲ್ಲಿ ಅದರ ಅರ್ಥ ಇದ್ದರೆ ಆ ಕಾರ್ಡು ಯಾರ ಮನೆಯಿಂದ ಬಂತೆಂದು ಹೇಳುವುದೇ ಬೇಡ. 'ಹುಟ್ಟುಹಬ್ಬದ ಶುಭಾಶಯ' ಎಂದು ಮಾತ್ರ ಬರೆಯಬೇಡಿ, ಸಂಭ್ರಮ ಅದರದಲ್ಲ.

ಪ್ರಶ್ನೆ: ಕಾರ್ಡಿನೊಳಗೆ ಹಣ ಇಡಬಹುದೇ? 101 ಡಾಲರ್ ಇಡೋಣವೆಂದಿದ್ದೇವೆ. ಊರಿನಿಂದ ತಂದ ಚೆಂದದ ಮುಯ್ಯಿ ಲಕೋಟೆಗಳೂ ಇವೆ. (ಡಲ್ಲಾಸ್, ಟೆಕ್ಸಾಸ್)

ಹಣ ಇಡಬಹುದು, ಅಲ್ಲಿ ಅದು ರೂಢಿಯೇ. ಆದರೆ ಅವರ ಶುಭಸಂಖ್ಯೆ 18. ಹೀಬ್ರೂನಲ್ಲಿ ಅಕ್ಷರಗಳಿಗೆ ಸಂಖ್ಯೆಯ ಬೆಲೆಯಿದೆ. ಖೇತ್‌ಗೆ 8, ಯೋದ್‌ಗೆ 10, ಎರಡೂ ಸೇರಿದರೆ 'ಖಾಯ್', ಅಂದರೆ ಜೀವಂತ. ಆದ್ದರಿಂದ 18, 36, 54, 72 ಹೀಗೆ ಕೊಡುತ್ತಾರೆ. ನೀವು 101ರ ಬದಲು 108 ಇಡಿ. ಹದಿನೆಂಟಾರಲ 108, ಅವರಿಗೂ ಶುಭ, ನಮಗೂ ಶುಭ. ಚೆಕ್ಕಾದರೆ ಮಗುವಿನ ಶಾಲೆಯ ಹೆಸರಿಗೆ ಬರೆಯಿರಿ, ಹೀಬ್ರೂ ಹೆಸರಿಗಲ್ಲ.

ಲಕೋಟೆಯನ್ನು ಮಾತ್ರ ತಿರುಗಿಸಿ ಮುರುಗಿಸಿ ನೋಡಿ. ನಮ್ಮ ಮುಯ್ಯಿ ಲಕೋಟೆಗಳಲ್ಲಿ ಸ್ವಸ್ತಿಕ ಇರುವುದುಂಟು, ಒಮ್ಮೊಮ್ಮೆ ಒಳಮಡಿಕೆಯಲ್ಲಿ ಸಣ್ಣದಾಗಿ. ನಮಗೆ ಅದು ಮಂಗಳಚಿಹ್ನೆ. ನಾಜಿಗಳ ಕೈಯಲ್ಲಿ ಅಜ್ಜ-ಅಜ್ಜಿಯರನ್ನು ಕಳೆದುಕೊಂಡ ಮನೆಗಳಿಗೆ ಅದು ಸಾವಿನ ಗುರುತು. ಸಮಾರಂಭದ ದಿನ ವಿವರಣೆ ಕೊಡುತ್ತ ನಿಲ್ಲುವ ಪ್ರಸಂಗವೇ ಬರಬಾರದು. ದೇವರ ಚಿತ್ರದ ಲಕೋಟೆಯೂ ಬೇಡ. ಕಾರ್ಡಿನ ಕಾಗದದಲ್ಲೇ ಬಿಳಿ ಲಕೋಟೆ ಮಾಡಿ, ಅಂಚಿಗೆ ಎರಡು ನೀಲಿ ಪಟ್ಟೆ ಅಂಟಿಸಿ. ಪ್ರಾರ್ಥನೆಯ ಶಾಲು 'ತಲ್ಲೀತ್'ನ ಪಟ್ಟೆಗಳ ನೆನಪು ಅದು. ಶಾಲಿನ ಮೂಲೆಗಳಲ್ಲಿ ಇಳಿಬಿಟ್ಟ ಗಂಟಿನ ದಾರ, ತ್ಸೀತ್ಸಿತ್, ಎಣಿಕೆ ಹಿಡಿದು ಕಟ್ಟುವ ವಿಧಿಯ ವಸ್ತು. ಅದನ್ನು ಅಲಂಕಾರಕ್ಕೆ ಅನುಕರಿಸದಿರುವುದೇ ಒಳ್ಳೆಯದು.

ಕೊಡುವ ಹೊತ್ತೂ ಮುಖ್ಯ. ಸಮಾರಂಭ ಹೆಚ್ಚಾಗಿ ಶನಿವಾರ ಬೆಳಗ್ಗೆ, ಶಬ್ಬಾತ್ ಎಂಬ ವಾರದ ವಿಶ್ರಾಂತಿ ದಿನ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಕಟ್ಟುನಿಟ್ಟಿನ ಮನೆಯವರು ಹಣ ಮುಟ್ಟುವುದಿಲ್ಲ, ಬರೆಯುವುದಿಲ್ಲ, ಕಾಗದ ಹರಿಯುವುದಿಲ್ಲ. ಸಿನಗಾಗ್‌ಗೆ ಲಕೋಟೆ ಒಯ್ದು ಕೈಗಿತ್ತರೆ ಅವರಿಗೆ ಮುಜುಗರ. ಶುಕ್ರವಾರಕ್ಕೆ ಮೊದಲೇ ಮನೆಗೆ ತಲುಪಿಸಿ, ಇಲ್ಲವೇ ಶನಿವಾರ ರಾತ್ರಿಯ ಅಥವಾ ಭಾನುವಾರದ ಔತಣದಲ್ಲಿ ಕೊಡಿ. ಆಫೀಸಿನವರೆಲ್ಲ ಸೇರಿ ಸಹಿ ಹಾಕುವ ಕಾರ್ಡಾದರೆ ಗುರುವಾರವೇ ಸಹಿ ಮುಗಿಸಿ.

ಪ್ರಶ್ನೆ: ಆರು ಮೂಲೆಯ ನಕ್ಷತ್ರವೇ ಬೇಕೆಂದರೆ ಅಚ್ಚುಕಟ್ಟಾಗಿ ಮಾಡುವುದು ಹೇಗೆ? (ಧಾರವಾಡ)

ಕೈವಾರದಲ್ಲಿ 30 ಮಿ.ಮೀ. ತ್ರಿಜ್ಯದ ವೃತ್ತ ಬರೆದು, ಅದೇ ಅಳತೆಯಲ್ಲಿ ಪರಿಧಿಯ ಮೇಲೆ ಆರು ಗುರುತು ಹಾಕಿ. ಒಂದು ಬಿಟ್ಟು ಒಂದನ್ನು ಸೇರಿಸಿದರೆ 52 ಮಿ.ಮೀ. ಬದಿಯ ಎರಡು ತ್ರಿಕೋನ. 4 ಮಿ.ಮೀ. ಅಗಲದ ಆರು ಕಾಗದದ ಪಟ್ಟಿಗಳನ್ನು ಈ ಗೆರೆಗಳ ಮೇಲೆ ಹೆಣೆಯಿರಿ. ಪ್ರತಿ ಪಟ್ಟಿಯೂ ಎದುರು ತ್ರಿಕೋನದ ಎರಡು ಪಟ್ಟಿಗಳನ್ನು ದಾಟುತ್ತದೆ, ಒಂದರ ಮೇಲೆ, ಇನ್ನೊಂದರ ಕೆಳಗೆ. ಆರೂ ಹೆಣೆದು ಸರಿಪಡಿಸಿದ ಮೇಲೆ ತುದಿಗಳಿಗೆ ಮಾತ್ರ ಅಂಟು ಹಚ್ಚಿ. ರಂಗೋಲಿಯ ಷಟ್ಕೋಣ ಬಲ್ಲವರಿಗೆ ಇದು ಸುಲಭ. ಆದರೆ ಆ ರೂಢಿಯಲ್ಲಿ ನಡುವೆ ಓಂಕಾರವನ್ನೋ ಚುಕ್ಕಿಯನ್ನೋ ಇಡಬೇಡಿ.

ಪ್ರಶ್ನೆ: ಹುಡುಗಿಗೆ ಕಾರ್ಡು ಮಾಡುವಾಗ ಏನಾದರೂ ಬದಲಾಯಿಸಬೇಕೇ? ಅವಳಿ ಮಕ್ಕಳಾದರೆ? (ರೆಡ್ಮಂಡ್, ವಾಷಿಂಗ್ಟನ್)

ಶೀರ್ಷಿಕೆ 'ಬಾತ್ ಮಿಟ್ಸ್ವಾ' ಆಗಬೇಕು, ಅಷ್ಟೇ. ಗುಲಾಬಿ ಬಣ್ಣ, ಗೊಂಬೆ ಮುಂತಾದವನ್ನು ದಯವಿಟ್ಟು ಹಾಕಬೇಡಿ. 1922ರ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ ಜುಡಿತ್ ಕ್ಯಾಪ್ಲನ್ ಎಂಬ ಹನ್ನೆರಡರ ಹುಡುಗಿ ಸಭೆಯೆದುರು ಓದಿದ್ದನ್ನು ಅಮೆರಿಕದ ಮೊದಲ ಬಾತ್ ಮಿಟ್ಸ್ವಾ ಎಂದು ನೆನೆಯುತ್ತಾರೆ. ಅಲ್ಲಿಂದ ಹುಡುಗಿಯರು ಪಡೆದುಕೊಂಡ ಜಾಗವಿದು, ಕಾರ್ಡಿಗೂ ಆ ಗಾಂಭೀರ್ಯ ಇರಲಿ. ಅವಳ ಪರಾಶಾ ಚಿತ್ರವೇ ಮೊದಲ ಆಯ್ಕೆ. ಇಲ್ಲವೇ ದಾಳಿಂಬೆ ಹಾಕಿ. ಅದರಲ್ಲಿ 613 ಬೀಜ, ತೋರಾದ ವಿಧಿಗಳೂ 613 ಎಂಬುದು ಸಂಪ್ರದಾಯದ ಮಾತು. ಅವಳಿಗಳಲ್ಲಿ ಗಂಡು-ಹೆಣ್ಣು ಅಥವಾ ಇಬ್ಬರೂ ಗಂಡಾದರೆ 'ಬ್ನೇ ಮಿಟ್ಸ್ವಾ', ಇಬ್ಬರೂ ಹೆಣ್ಣಾದರೆ 'ಬ್ನೋತ್ ಮಿಟ್ಸ್ವಾ'. ಆದರೆ ಕಾರ್ಡು ಇಬ್ಬರಿಗೂ ಬೇರೆಬೇರೆ ಮಾಡಿ.

ಪ್ರಶ್ನೆ: ನಮ್ಮ ನೆರೆಯವರು ಬೆನೆ ಇಸ್ರೇಲ್ ಎಂಬ ಭಾರತೀಯ ಯಹೂದಿ ಸಮುದಾಯದವರು. ಮೇಲಿನದೆಲ್ಲ ಅವರಿಗೂ ಹೊಂದುತ್ತದೆಯೇ? (ಠಾಣೆ)

ಪರಾಶಾ, ಹೀಬ್ರೂ ಹೆಸರು, ಶಬ್ಬಾತ್ ಎಲ್ಲ ಹೊಂದುತ್ತದೆ. ಕೊಂಕಣದಿಂದ ಬಂದ ಅವರ ಮನೆಮಾತು ಮರಾಠಿ. ಒಳಗೆ ಮರಾಠಿಯಲ್ಲಿ ಎರಡು ಸಾಲು ಬರೆದರೆ ಹಿರಿಯರಿಗೆ ಖುಷಿಯಾಗುತ್ತದೆ. ಶುಭಕಾರ್ಯಗಳಲ್ಲಿ ಅವರು ಅವಲಕ್ಕಿ, ತೆಂಗಿನಕಾಯಿ, ಹಣ್ಣುಗಳ ಮಲಿದಾ ತಟ್ಟೆಯಿಟ್ಟು ಪ್ರವಾದಿ ಎಲಿಯಾಹುವನ್ನು ನೆನೆಯುತ್ತಾರೆ. ಮಲಿದಾ ತಟ್ಟೆಯ ಚಿತ್ರವಿರುವ ಕಾರ್ಡು ಅಂಗಡಿಯಲ್ಲಿ ಹುಡುಕಿದರೂ ಸಿಗಲಾರದು, ಅದನ್ನೇ ಮಾಡಿ.

ಪ್ರಶ್ನೆ: ನಮ್ಮ ಬೀದಿಯ ಅಜ್ಜ ಒಬ್ಬರು 83ಕ್ಕೆ ಎರಡನೇ ಬಾರ್ ಮಿಟ್ಸ್ವಾ ಮಾಡಿಕೊಳ್ಳುತ್ತಿದ್ದಾರೆ. ಹೀಗೂ ಉಂಟೇ? (ಟೊರಾಂಟೊ)

ಉಂಟು. ಮನುಷ್ಯನ ಆಯುಸ್ಸು 70 ಎಂಬ ಬೈಬಲ್ಲಿನ ಕೀರ್ತನೆಯ ಮಾತು ಹಿಡಿದು, ಅದರ ಮೇಲೆ ಮತ್ತೆ 13 ಎಣಿಸಿ 83ಕ್ಕೆ ಮಾಡಿಕೊಳ್ಳುತ್ತಾರೆ. ಅನೇಕರು 13ರಲ್ಲಿ ಓದಿದ ಭಾಗವನ್ನೇ ಮತ್ತೆ ಓದುತ್ತಾರೆ. ಯಾವುದೆಂದು ಅವರನ್ನೇ ಕೇಳಿ ಅದರ ಚಿತ್ರ ಹಾಕಿ. ಒಳಗಿನ ಬರಹ ದೊಡ್ಡ ಅಕ್ಷರದಲ್ಲಿ, ಬಿಳಿ ಕಾಗದದ ಮೇಲೆ ಕಪ್ಪು ಇಂಕಿನಲ್ಲಿ ಇರಲಿ. ಕಡುನೀಲಿಯ ಮೇಲಿನ ಬೆಳ್ಳಿ ಅಕ್ಷರ ಆ ವಯಸ್ಸಿನ ಕಣ್ಣಿಗೆ ಕಷ್ಟ.